ಕೊಡಗಿನಲ್ಲಿ ದಿನದ ಓಡಾಟಕ್ಕೆ ಯಾವ ಕಾರು: ಪೆಟ್ರೋಲಾ, ಚಿಕ್ಕ ಇವಿಯಾ, ದೊಡ್ಡ ಬ್ಯಾಟರಿಯದ್ದಾ?

ಕುಶಾಲನಗರದಲ್ಲಿ ಮನೆ, ಮಡಿಕೇರಿಯಲ್ಲಿ ಕಚೇರಿ. ಇಲ್ಲಾ ವಿರಾಜಪೇಟೆಯಲ್ಲಿ ಮನೆ, ಪೊನ್ನಂಪೇಟೆಯಲ್ಲಿ ಕಾಲೇಜು. ಜಿಲ್ಲೆಗೆ ರೈಲಿಲ್ಲ. ಸಂಜೆಯ ಬಸ್ಸು ತಪ್ಪಿದರೆ ಮನೆಯವರಿಗೆ ಫೋನ್ ಮಾಡಿ ಕರೆಸಿಕೊಳ್ಳಬೇಕಾದ ಊರುಗಳು ಬೇಕಾದಷ್ಟಿವೆ. ಹಾಗಾಗಿ ದಿನಾ ಕಾರಿನಲ್ಲೇ ಓಡಾಡುವವರು ನಮ್ಮಲ್ಲಿ ಜಾಸ್ತಿ. ತಿಂಗಳ ಪೆಟ್ರೋಲ್ ಖರ್ಚು ನೋಡಿ ಇವಿ, ಅಂದರೆ ಬ್ಯಾಟರಿಯಲ್ಲಿ ಓಡುವ ಎಲೆಕ್ಟ್ರಿಕ್ ಕಾರಿನ ಕಡೆ ಮನಸ್ಸು ಹೋಗುವುದು ಸಹಜ. ಆಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಈ ಏರು ಹತ್ತುತ್ತದಾ?" ಎರಡನೆಯದು, "ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ಓಡುತ್ತದೆ?"

ಎರಡಕ್ಕೂ ಉತ್ತರ ಸುಲಭ, ಮುಂದೆ ಕೊಟ್ಟಿದ್ದೇನೆ. ಆದರೆ ಕೊಡಗಿನವರು ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ ಅನ್ನುವುದು ನನ್ನ ಅಭಿಪ್ರಾಯ. ಕಾರು ನಿಲ್ಲಿಸುವ ಜಾಗದಲ್ಲಿ ನಮ್ಮದೇ ಪ್ಲಗ್ ಪಾಯಿಂಟ್ ಇದೆಯಾ? ಕಕ್ಕಡದ (ಜುಲೈ–ಆಗಸ್ಟ್ ಹೊತ್ತಿನ) ಮಳೆಯಲ್ಲಿ ನಮ್ಮ ಮನೆಯಲ್ಲಿ ಒಟ್ಟಿಗೆ ಎಷ್ಟು ದಿನ ಕರೆಂಟ್ ಇರುವುದಿಲ್ಲ? ಯಾವ ಕಾರು, ಎಷ್ಟು ದೊಡ್ಡ ಬ್ಯಾಟರಿ ಅನ್ನುವುದೆಲ್ಲ ಈ ಎರಡು ಉತ್ತರದಿಂದಲೇ ತೀರ್ಮಾನವಾಗುತ್ತದೆ.

ಏರಿನ ಲೆಕ್ಕ

ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರ್. ಎತ್ತರದಲ್ಲಿ ಸುಮಾರು 300 ಮೀಟರ್ ವ್ಯತ್ಯಾಸ. ಜನ ಕೂತ ಮೇಲೆ 1,400 ಕೆಜಿ ತೂಗುವ ಕಾರನ್ನು ಅಷ್ಟು ಮೇಲಕ್ಕೆ ಎತ್ತಲು ಬೇಕಾಗುವ ಶಕ್ತಿ ಒಂದು ಯೂನಿಟ್‌ಗಿಂತ (ಕರೆಂಟ್ ಬಿಲ್ಲಿನ ಯೂನಿಟ್, ಅಂದರೆ ಒಂದು ಕಿಲೋವ್ಯಾಟ್ ಅವರ್) ಸ್ವಲ್ಪ ಹೆಚ್ಚು. ಮೋಟಾರಿನ ನಷ್ಟ ಸೇರಿಸಿದರೆ 1.3 ಯೂನಿಟ್ ಅಂತಿಟ್ಟುಕೊಳ್ಳಿ. ಸಮತಟ್ಟು ರಸ್ತೆಯಲ್ಲಿ ಈ ದೂರಕ್ಕೆ ಮೂರೂವರೆ ಯೂನಿಟ್ ಸಾಕು. ಅಂದರೆ ಹತ್ತುವಾಗ ಐದು ಯೂನಿಟ್ ಆಸುಪಾಸು. ಇಳಿಯುವಾಗ ಮೋಟಾರೇ ಜನರೇಟರ್ ಆಗಿ, ಹತ್ತಲು ಖರ್ಚಾದದ್ದರಲ್ಲಿ ಒಂದಷ್ಟನ್ನು ಬ್ಯಾಟರಿಗೆ ವಾಪಸ್ ಕೊಡುತ್ತದೆ. ಸಂಜೆ ವಾಪಸ್ ಬರಲು ಮೂರು ಯೂನಿಟ್ ಸಾಕಾಗುತ್ತದೆ. ಹೋಗಿ ಬರುವ 60 ಕಿಲೋಮೀಟರಿಗೆ ಒಟ್ಟು ಎಂಟು ಯೂನಿಟ್.

ಪೆಟ್ರೋಲ್ ಕಾರಿಗೆ ಈ ವಾಪಸಾತಿ ಇಲ್ಲ. ಇಳಿಜಾರಿನಲ್ಲಿ ಅದು ಗಳಿಸಿದ್ದೆಲ್ಲ ಬ್ರೇಕ್ ಪ್ಯಾಡಿನ ಬಿಸಿಯಾಗಿ ಹೋಗುತ್ತದೆ. ಅದಕ್ಕೇ ಬಯಲುಸೀಮೆಗಿಂತ ನಮ್ಮ ರಸ್ತೆಯಲ್ಲಿ ಇವಿ ಮತ್ತು ಪೆಟ್ರೋಲ್ ನಡುವಿನ ಖರ್ಚಿನ ಅಂತರ ಇನ್ನೂ ಹೆಚ್ಚು. ಬೋಯಿಕೇರಿಯ ತಿರುವಿನಲ್ಲಿ ಮಂಜು ಕವಿದಾಗ, ಮುಂದೆ ಮರದ ಲಾರಿ ತೆವಳುತ್ತಿರುವಾಗ, ಕ್ಲಚ್ ಹಿಡಿದು ಹಿಡಿದು ಎಡಗಾಲು ಸೋತವರಿಗೆ ಗೇರ್ ಇಲ್ಲದ ಕಾರಿನ ಬೆಲೆ ಗೊತ್ತು. ನಿಂತಲ್ಲಿಂದಲೇ ಪೂರ್ತಿ ಎಳೆತ ಸಿಗುತ್ತದೆ. ಹಿಂದಕ್ಕೆ ಜಾರುವ ಭಯ ಕಮ್ಮಿ.

ಮಡಿಕೇರಿ–ಸಂಪಾಜೆ ಬೇರೆಯೇ ಮಾತು. ಅಲ್ಲಿ 30 ಕಿಲೋಮೀಟರ್ ಒಳಗೆ ಸಾವಿರ ಮೀಟರ್ ಹತ್ತಿರ ಇಳಿಯುತ್ತೇವೆ. ವಾಪಸ್ ಹತ್ತಲು ಎಂಟು ಯೂನಿಟ್ ಬೇಕು. 24 ಯೂನಿಟ್ ಬ್ಯಾಟರಿಯಲ್ಲಿ ಮೂರನೇ ಒಂದು ಭಾಗ ಈ ಒಂದು ಘಾಟಿಗೇ ಹೋಯಿತು. ಸುಳ್ಯ, ಪುತ್ತೂರು ಕಡೆ ವಾರಕ್ಕೆರಡು ಸಲ ಹೋಗುವವರು ಚಿಕ್ಕ ಬ್ಯಾಟರಿಯ ಆಸೆ ಬಿಡುವುದು ಒಳ್ಳೆಯದು.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಶೋರೂಮಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಮಡಿಕೇರಿಯಲ್ಲಿ ಮನೆ ಇದ್ದು ಬೆಳಿಗ್ಗೆ ಕೆಳಗಿಳಿಯುವವರಾದರೆ ರಾತ್ರಿ ಶೇ 100 ಚಾರ್ಜ್ ಮಾಡಬೇಡಿ. ಬ್ಯಾಟರಿ ತುಂಬಿದ್ದರೆ ಇಳಿಜಾರಿನ ಶಕ್ತಿಗೆ ಒಳಗೆ ಜಾಗ ಇರುವುದಿಲ್ಲ. ರಿಜೆನ್ ಬ್ರೇಕ್ (ಮೋಟಾರೇ ಜನರೇಟರ್ ಆಗಿ ಕಾರಿನ ವೇಗ ತಡೆಯುವುದು) ಸರಿಯಾಗಿ ಹಿಡಿಯುವುದಿಲ್ಲ, ಕಾಲಿನ ಬ್ರೇಕನ್ನೇ ನಂಬಬೇಕು. ಶೇ 85–90ಕ್ಕೆ ನಿಲ್ಲಿಸಿ. ಕಂಪನಿ ಹೇಳಿದಂತೆ ಪೂರ್ತಿ ತುಂಬಿಸಬೇಕಾದ ದಿನ, ಮರುದಿನ ಕೆಲಸಕ್ಕೆ ಹೋಗದ ಶನಿವಾರದ ರಾತ್ರಿಯನ್ನು ಆರಿಸಿ, ಮೊದಲ ಒಂದೆರಡು ಕಿಲೋಮೀಟರ್ ನಿಧಾನ ಇಳಿಯಿರಿ. ರಸ್ತೆ ತುಂಬಾ ಒದ್ದೆಯಾಗಿ ಎಲೆ ಬಿದ್ದಿದ್ದರೆ ರಿಜೆನನ್ನು ಅತಿ ಹೆಚ್ಚಿನ ಮಟ್ಟಕ್ಕೆ ಇಡದೆ ಮಧ್ಯದಲ್ಲಿಡಿ. ಗಾಲಿ ಜಾರುವ ಸಾಧ್ಯತೆ ಕಮ್ಮಿಯಾಗುತ್ತದೆ.

ದುಡ್ಡು ಯಾರಿಗೆ ಉಳಿಯುತ್ತದೆ, ಯಾರಿಗೆ ಇಲ್ಲ

ಮೇಲಿನ 60 ಕಿಲೋಮೀಟರನ್ನೇ ತೆಗೆದುಕೊಳ್ಳೋಣ. ಬ್ಯಾಟರಿಗೆ ಎಂಟು ಯೂನಿಟ್ ಹೋಗಬೇಕಾದರೆ ಮೀಟರಿನಲ್ಲಿ ಒಂಬತ್ತು ಓಡುತ್ತದೆ, ಚಾರ್ಜ್ ಮಾಡುವಾಗಲೂ ಸ್ವಲ್ಪ ನಷ್ಟ ಇದ್ದೇ ಇದೆ. ತೆರಿಗೆ, ಸರ್‌ಚಾರ್ಜ್ ಎಲ್ಲ ಸೇರಿ ಯೂನಿಟಿಗೆ 7 ರೂಪಾಯಿ ಹಿಡಿದರೆ ದಿನಕ್ಕೆ 63 ರೂಪಾಯಿ. ಪೆಟ್ರೋಲ್ ಕಾರು ನಮ್ಮ ಏರಿಳಿತದಲ್ಲಿ ಲೀಟರಿಗೆ 15 ಕಿಲೋಮೀಟರ್ ಕೊಟ್ಟು, ಪೆಟ್ರೋಲ್ 103 ರೂಪಾಯಿ ಇದ್ದರೆ ದಿನಕ್ಕೆ 412 ರೂಪಾಯಿ. ತಿಂಗಳಿಗೆ 24 ದಿನ ಓಡಿದರೆ 8,300 ರೂಪಾಯಿಗೂ ಜಾಸ್ತಿ ಉಳಿತಾಯ.

ಈಗ ಕಾರಿನ ಬೆಲೆ. ಇವಿಗೆ ಜಿಎಸ್‌ಟಿ ಶೇ 5. ಮೊದಲು ಚಿಕ್ಕ ಪೆಟ್ರೋಲ್ ಕಾರಿಗೆ ಶೇ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 18ಕ್ಕೆ ಇಳಿದಿದೆ. ಹಾಗಾಗಿ ಹಳೆಯ ಹೋಲಿಕೆಗಳನ್ನು ನಂಬಬೇಡಿ, ಪೆಟ್ರೋಲ್ ಕಾರು ಈಗ ಮೊದಲಿಗಿಂತ ಅಗ್ಗ. ರಸ್ತೆ ತೆರಿಗೆಯ ನಿಯಮವೂ ಬದಲಾಗುತ್ತಾ ಬಂದಿದೆ. ಕರ್ನಾಟಕದಲ್ಲಿ 2016ರಿಂದ ಇವಿಗಳಿಗೆ ಪೂರ್ತಿ ವಿನಾಯಿತಿ ಇತ್ತು, 2024ರಲ್ಲಿ 25 ಲಕ್ಷ ಮೀರಿದವಕ್ಕೆ ತೆರಿಗೆ ಬಂತು. ಎರಡೂ ಕಾರಿಗೆ ಅದೇ ವಾರದ ಆನ್‌ರೋಡ್ ಬೆಲೆಯನ್ನು ಕಾಗದದ ಮೇಲೆ ಬರೆಸಿಕೊಂಡು ಪಕ್ಕಪಕ್ಕ ಇಟ್ಟು ನೋಡಿ. ಥರ್ಡ್ ಪಾರ್ಟಿ ವಿಮೆಯಲ್ಲಿ ಇವಿಗೆ ಶೇ 15 ರಿಯಾಯಿತಿ ಇದೆ, ಅದನ್ನೂ ಕೇಳಿ ಹಾಕಿಸಿಕೊಳ್ಳಿ.

ಅಂತರ ಮೂರು ಲಕ್ಷ ಅಂತಿಟ್ಟುಕೊಂಡರೆ, ದಿನಕ್ಕೆ 60 ಕಿಲೋಮೀಟರ್ ಓಡುವವರಿಗೆ ಅದು ಮೂರು ವರ್ಷದಲ್ಲಿ ವಾಪಸ್. ಬ್ಯಾಟರಿಗೆ ಹೆಚ್ಚಿನ ಕಂಪನಿಗಳು ಕೊಡುವ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್. ಹಾಗಾಗಿ ಉಳಿದ ಐದು ವರ್ಷದ ಉಳಿತಾಯ ನಿಮ್ಮದೇ. ಅದೇ ದಿನಕ್ಕೆ 20 ಕಿಲೋಮೀಟರ್ ಓಡುವವರಿಗೆ ತಿಂಗಳಿಗೆ 2,800 ರೂಪಾಯಿ ಮಾತ್ರ ಉಳಿಯುತ್ತದೆ. ಮೂರು ಲಕ್ಷ ಬರಲು ಒಂಬತ್ತು ವರ್ಷ. ಮಡಿಕೇರಿ ಪೇಟೆಯೊಳಗೇ ಮನೆ, ಅಲ್ಲೇ ಕೆಲಸ ಇರುವವರು ದುಡ್ಡು ಉಳಿಸಲು ಅಂತ ಹೊಸ ಇವಿ ತೆಗೆದುಕೊಳ್ಳುವುದರಲ್ಲಿ ಅರ್ಥವಿಲ್ಲ. ಇದ್ದ ಪೆಟ್ರೋಲ್ ಕಾರನ್ನೇ ಓಡಿಸಿ.

ಗೃಹಜ್ಯೋತಿಯ ವಿಷಯ ಹೆಚ್ಚಿನವರು ಮರೆಯುತ್ತಾರೆ. 2023ರಿಂದ ಸೊನ್ನೆ ಬಿಲ್ಲು ಬರುತ್ತಿರುವ ಮನೆ ನಿಮ್ಮದಾದರೆ ಗಮನ ಕೊಡಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನು ಕಟ್ಟಬೇಕು, ದಾಟಿದ ಭಾಗವನ್ನು ಮಾತ್ರ ಅಲ್ಲ. ಮನೆಗೆ 75 ಯೂನಿಟ್, ಕಾರಿಗೆ 216 ಅಂದರೆ ಒಟ್ಟು 290ರ ಹತ್ತಿರ. ಸೊನ್ನೆ ಇದ್ದ ಬಿಲ್ಲು ಎರಡು ಸಾವಿರ ರೂಪಾಯಿ ಆಗುತ್ತದೆ. ಪೆಟ್ರೋಲಿನ ಹತ್ತು ಸಾವಿರದ ಎದುರು ಇದು ಈಗಲೂ ಲಾಭವೇ. ಆದರೆ ಮನೆಯಲ್ಲಿ ಮೊದಲೇ ಹೇಳಿಬಿಡಿ, ಬಿಲ್ಲು ನೋಡಿ ಗಾಬರಿಯಾಗುವುದು ಬೇಡ. ಇವಿ ಚಾರ್ಜಿಂಗಿಗೆ ಬೇರೆಯೇ ದರದ ವರ್ಗ ಇದೆ. ಕಾರಿಗೆ ಪ್ರತ್ಯೇಕ ಮೀಟರ್ ಪಡೆಯುವ ಬಗ್ಗೆ ಚೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ವಿಚಾರಿಸಿ. ದಿನಾ ಜಾಸ್ತಿ ಓಡುವ ಮನೆಗೆ ಅದು ಸರಿಹೋಗಬಹುದು.

ಮನೆಯಲ್ಲಿ ಚಾರ್ಜಿಂಗ್ ಇಲ್ಲದೆ ಹೊರಗಿನ ಫಾಸ್ಟ್ ಚಾರ್ಜರನ್ನೇ ನಂಬಿದರೆ ಈ ಲೆಕ್ಕವೆಲ್ಲ ಬಿದ್ದುಹೋಗುತ್ತದೆ. ಅಲ್ಲಿ ಯೂನಿಟಿಗೆ 20 ರೂಪಾಯಿ ಆಸುಪಾಸು, ಮೇಲೆ ಜಿಎಸ್‌ಟಿ. ದಿನಕ್ಕೆ 200 ರೂಪಾಯಿ ಹತ್ತಿರ ಬರುತ್ತದೆ. ಜೊತೆಗೆ ಪ್ರವಾಸಿಗರ ಸೀಸನ್ನಿನ ಶನಿವಾರ, ಭಾನುವಾರ ಬೆಂಗಳೂರಿನ ಕಾರುಗಳ ಹಿಂದೆ ಸಾಲಿನಲ್ಲಿ ಕಾಯಬೇಕು. ಬಾಡಿಗೆ ಮನೆಯಲ್ಲಿದ್ದು, ಕಾರನ್ನು ರಸ್ತೆಬದಿಯಲ್ಲಿ ನಿಲ್ಲಿಸುವವರು ಸದ್ಯಕ್ಕೆ ಇವಿ ತೆಗೆದುಕೊಳ್ಳಬೇಡಿ. ಇದನ್ನು ನೇರವಾಗಿಯೇ ಹೇಳುತ್ತಿದ್ದೇನೆ.

ಮಳೆಗಾಲದಲ್ಲಿ ಬ್ಯಾಟರಿ ಎಷ್ಟು ದೊಡ್ಡದಿರಬೇಕು

ಬೆಂಗಳೂರಿನವರು ಬ್ಯಾಟರಿಯನ್ನು ಕಿಲೋಮೀಟರಿನಲ್ಲಿ ಅಳೆಯುತ್ತಾರೆ. ನಾವು ಅದನ್ನು ಕರೆಂಟ್ ಇಲ್ಲದ ದಿನಗಳಲ್ಲಿ ಅಳೆಯಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಎದ್ದರೆ ಲೈನಿನ ಮೇಲೆ ಮರ ಬೀಳುತ್ತದೆ. ತೋಟದ ನಡುವೆ ಹಾದುಹೋದ ಲೈನಾದರೆ ಎಲ್ಲಿ ಬಿದ್ದಿದೆ ಎಂದು ಹುಡುಕುವುದಕ್ಕೇ ಅರ್ಧ ದಿನ ಬೇಕು. ಪವರ್‌ಮ್ಯಾನ್‌ಗಳು ಆ ಮಳೆಯಲ್ಲಿ ಕಂಬ ಹತ್ತಿ ದುಡಿಯುವುದನ್ನು ನೋಡಿದವರು ಯಾರೂ ಅವರನ್ನು ಬೈಯುವುದಿಲ್ಲ. ಆದರೆ ಕರೆಂಟ್ ಬರುವ ತನಕ ಕಾರು ಓಡಬೇಕಲ್ವಾ?

ಅದೇ 60 ಕಿಲೋಮೀಟರ್, ಅದೇ ದಿನಕ್ಕೆ ಎಂಟು ಯೂನಿಟ್. ಕೊನೆಯ ಶೇ 15 ಮುಟ್ಟದೆ ಉಳಿಸಿಕೊಂಡು ಲೆಕ್ಕ ಹಾಕೋಣ. ಟಾಟಾ ಕಂಪನಿಯ ಟಿಯಾಗೊ ಇವಿಯ 19.2 ಯೂನಿಟ್ ಬ್ಯಾಟರಿ ತುಂಬಿದ್ದರೆ ಎರಡು ದಿನ ಓಡುತ್ತದೆ. ಅದರ 24 ಯೂನಿಟ್ ಮಾದರಿ, 2024ರ ಪಂಚ್ ಇವಿಯ 25 ಯೂನಿಟ್ ಮಾದರಿ, ಇವು ಎರಡೂವರೆ ದಿನ. 2024ರ ಜನವರಿಯಲ್ಲಿ ಬಂದ ಪಂಚ್ ಇವಿಯ 35 ಯೂನಿಟ್ ಬ್ಯಾಟರಿ ನಾಲ್ಕು ದಿನದ ಹತ್ತಿರ. ನೆಕ್ಸಾನ್ ಇವಿಯ 45 ಯೂನಿಟ್ ಐದು ದಿನದ ಹತ್ತಿರ.

ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆಯ ಪೇಟೆಯೊಳಗಿನ ಮನೆಗೆ 24–25 ಯೂನಿಟ್ ಸಾಕು. ಅಲ್ಲಿ ಕರೆಂಟ್ ಹೋದರೂ ಒಂದು ದಿನದೊಳಗೆ ಬರುವುದೇ ಹೆಚ್ಚು. ನಾಪೋಕ್ಲು, ಕಕ್ಕಬ್ಬೆ, ಭಾಗಮಂಡಲ, ಸೋಮವಾರಪೇಟೆಯ ಮೇಲ್ಭಾಗದ ಹಳ್ಳಿಗಳಲ್ಲಿ, ಲೈನಿನ ಕೊನೆಯಲ್ಲಿರುವ ತೋಟದ ಮನೆಗಳಲ್ಲಿ 35ಕ್ಕಿಂತ ಕಮ್ಮಿ ಬೇಡ. ಅದಕ್ಕೂ ಮೇಲೆ, ಬರೀ ದಿನದ ಓಡಾಟಕ್ಕೆ ಅಂತ 45 ಅಥವಾ 50 ಯೂನಿಟಿಗೆ ದುಡ್ಡು ಹಾಕುವುದು ನನಗೆ ಸರಿ ಕಾಣುವುದಿಲ್ಲ. ಬಳಸದ ಬ್ಯಾಟರಿಯ ಭಾರವನ್ನು ದಿನಾ ಗುಡ್ಡ ಹತ್ತಿಸಿದಂತೆ ಆಗುತ್ತದೆ.

ಮಳೆಗಾಲದಲ್ಲಿ ರೂಢಿಯನ್ನೂ ಬದಲಿಸಿಕೊಳ್ಳಬೇಕು. ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ಚಾರ್ಜ್ ಮಾಡಿದರೂ ನಡೆಯುತ್ತದೆ. ಜೂನ್ ಬಂತೆಂದರೆ ಕರೆಂಟ್ ಇರುವಾಗಲೇ, ಸಂಜೆ ಬಂದ ಕೂಡಲೇ ಪ್ಲಗ್ ಹಾಕಿ. ಮನೆಯ ಇನ್ವರ್ಟರಿನಿಂದ ಕಾರು ಚಾರ್ಜ್ ಆಗುವುದಿಲ್ಲ, ಅಷ್ಟು ಶಕ್ತಿ ಅದಕ್ಕಿಲ್ಲ. ತೋಟದ ಜನರೇಟರಿಗೆ ಹಾಕೋಣ ಅನ್ನುವವರಿದ್ದಾರೆ. ಅರ್ಥಿಂಗ್ ಸರಿಯಿಲ್ಲದ ಜನರೇಟರನ್ನು ಕಾರಿನ ಚಾರ್ಜರ್ ಒಪ್ಪುವುದೇ ಇಲ್ಲ. ಸೋಲಾರ್ ಒಳ್ಳೆಯ ಯೋಚನೆ, ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿಯೂ ಸಿಗುತ್ತದೆ. ಆದರೆ ಗ್ರಿಡ್ಡಿಗೆ ಜೋಡಿಸಿದ ಸೋಲಾರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಬೇಸಿಗೆಯ ಬಿಲ್ಲು ಇಳಿಸಲು ಅದು ಸರಿ. ಕಕ್ಕಡದಲ್ಲಿ ಅದನ್ನು ನಂಬಿ ಕೂರಲಾಗದು.

ಇನ್ನೊಂದು ಕಡೆ, ನಮ್ಮ ಹವೆ ಬ್ಯಾಟರಿಗೆ ಒಳ್ಳೆಯದು. ಬ್ಯಾಟರಿಯ ಆಯಸ್ಸು ಕಡಿಮೆ ಮಾಡುವುದು ಬಿಸಿ. ರಾಯಚೂರಿನ ಬಿಸಿಲಲ್ಲಿ ನಿಲ್ಲುವ ಕಾರಿಗಿಂತ ಮಡಿಕೇರಿಯ ಕಾರಿನ ಬ್ಯಾಟರಿಗೆ ಕಷ್ಟ ಕಮ್ಮಿ. ಮಳೆನೀರಿನ ಭಯವೂ ಅಷ್ಟಾಗಿ ಬೇಡ, ಈಗಿನ ಬ್ಯಾಟರಿಗಳು ಐಪಿ67 ಮಟ್ಟದಲ್ಲಿ ನೀರು ನುಗ್ಗದಂತೆ ಮುಚ್ಚಿರುತ್ತವೆ. ಹಾಗಂತ ಹೊಳೆ ಉಕ್ಕಿ ಹರಿಯುವ ಸೇತುವೆ ಮೇಲೆ ಯಾವ ಕಾರನ್ನೂ ಇಳಿಸಬಾರದು.

ಮನೆಯ ವೈರಿಂಗ್

ಚಿಕ್ಕ ಕಾರಿನ ಜೊತೆ ಬರುವ 3.3 ಕಿಲೋವ್ಯಾಟಿನ ಚಾರ್ಜರಿಗೆ ಒಂದು 15 ಆಂಪ್ ಪ್ಲಗ್ ಪಾಯಿಂಟ್ ಸಾಕು. ದಿನದ ಎಂಟು ಯೂನಿಟ್ ತುಂಬಲು ಮೂರು ಗಂಟೆ. 7.2 ಕಿಲೋವ್ಯಾಟಿನ ವಾಲ್ ಬಾಕ್ಸಿನಲ್ಲಿ (ಗೋಡೆಗೆ ಕೂರಿಸುವ ಚಾರ್ಜರ್) ಇದರ ಅರ್ಧ ಹೊತ್ತು ಸಾಕು, ಆದರೆ ಮಂಜೂರಾದ ಲೋಡ್ ಹೆಚ್ಚಿಸಬೇಕಾಗುತ್ತದೆ. ಕರೆಂಟ್ ದಿನಕ್ಕೆ ಎರಡು ಗಂಟೆ ಮಾತ್ರ ಬರುವ ಮಳೆಯ ದಿನಗಳನ್ನು ನೆನೆಸಿಕೊಂಡರೆ ತೋಟದ ಮನೆಯವರಿಗೆ ಈ ವಾಲ್ ಬಾಕ್ಸ್ ಸುಮ್ನೆ ದುಂದು ಅಲ್ಲ. ವೋಲ್ಟೇಜ್ ಕಮ್ಮಿ ಇರುವ ಲೈನಾದರೆ ಮಾತ್ರ ಅದರಿಂದ ಪ್ರಯೋಜನ ಇಲ್ಲ.

ಹಳೆಯ ಮನೆಗಳಲ್ಲಿ ಎಲ್ಲಕ್ಕಿಂತ ದೊಡ್ಡ ತೊಂದರೆ ಅರ್ಥಿಂಗ್. ಫ್ರಿಜ್, ಮಿಕ್ಸಿ ಎಲ್ಲ ಓಡುತ್ತಿರುತ್ತವೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಕಾರಿನ ಚಾರ್ಜರ್ ಮಾತ್ರ ಕೆಂಪು ದೀಪ ತೋರಿಸಿ ಕೂರುತ್ತದೆ. 15 ಆಂಪ್ ಪಾಯಿಂಟಿಗೆ ಮೀಟರ್ ಬೋರ್ಡಿನಿಂದ ನೇರವಾಗಿ 4 ಚದರ ಮಿಲಿಮೀಟರಿನ ತಾಮ್ರದ ವೈರು, ಬೇರೆ ಎಂಸಿಬಿ, ಶಾಕ್ ತಡೆಯುವ ಆರ್‌ಸಿಸಿಬಿ, ಹೊಸ ಅರ್ಥಿಂಗ್ ಗುಂಡಿ, ಇಷ್ಟನ್ನು ಗೊತ್ತಿರುವ ಎಲೆಕ್ಟ್ರಿಷಿಯನ್‌ನಿಂದ ಮಾಡಿಸಿ. ಎಕ್ಸ್‌ಟೆನ್ಶನ್ ಬಾಕ್ಸ್ ಎಳೆದು ಚಾರ್ಜ್ ಮಾಡಲೇಬಾರದು. ಗಂಟೆಗಟ್ಟಲೆ ಪೂರ್ತಿ ಲೋಡ್ ಹರಿದರೆ ಅದು ಕರಗುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಸಂಜೆ ಪ್ಲಗ್ ತೆಗೆದಿಡಿ. ತೋಟದ ಶೆಡ್ಡಿನಲ್ಲಿ ಕಾರು ನಿಲ್ಲಿಸುವವರು ಇಲಿ, ಹೆಗ್ಗಣದ ಮೇಲೂ ಕಣ್ಣಿಡಿ. ಇವಿಯ ಕಿತ್ತಳೆ ಬಣ್ಣದ ದಪ್ಪ ವೈರು ಕಡಿದರೆ ಖರ್ಚು ಸಣ್ಣದಲ್ಲ.

ಯಾವ ರಸ್ತೆಗೆ ಯಾವುದು

ಎಂಜಿ ಕಾಮೆಟ್ ಪೇಟೆಗೆ ಚೆನ್ನಾಗಿದೆ. 17.3 ಯೂನಿಟ್ ಬ್ಯಾಟರಿ, ಎರಡೇ ಬಾಗಿಲು, ಮಡಿಕೇರಿಯ ಇಕ್ಕಟ್ಟಿನ ರಸ್ತೆಯಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಆದರೆ ಗಾಲಿ 12 ಇಂಚಿನದು. ಮಳೆಗಾಲದ ಗುಂಡಿಗೆ, ತೋಟದ ಕಲ್ಲುಮಣ್ಣಿನ ದಾರಿಗೆ ಅದನ್ನು ಇಳಿಸಲು ನಾನು ಹೇಳುವುದಿಲ್ಲ. ಟಿಯಾಗೊ ಇವಿ ಡಾಂಬರು ರಸ್ತೆಯ ಪಕ್ಕದ ಮನೆಗೆ ಸಾಕು. ಮನೆಗೆ ಹೋಗಲು ಅರ್ಧ ಕಿಲೋಮೀಟರ್ ಮಣ್ಣುದಾರಿ ಇದ್ದರೆ 190 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ ಇರುವ ಪಂಚ್ ಇವಿಯೇ ವಾಸಿ. ಕೆಸರಿನಲ್ಲಿ ಮುಂದಿನ ಗಾಲಿ ಗಿರ್ರೆಂದು ತಿರುಗುವುದು ಇವಿಯಲ್ಲಿ ಇನ್ನೂ ಜಾಸ್ತಿ, ಎಳೆತ ಒಮ್ಮೆಲೇ ಬರುತ್ತದೆ. ಇಕೋ ಮೋಡ್ ಹಾಕಿ ನಿಧಾನ ಒತ್ತಿ. ನಿಜವಾದ ಜೀಪು ದಾರಿ ಇರುವವರಿಗೆ ಜೀಪೇ ಸರಿ, ಅದಕ್ಕೆ ಬದಲಿ ಈ ಬೆಲೆಯ ಇವಿಯಲ್ಲಿ ಇಲ್ಲ.

ಹಲವು ಇವಿಗಳಲ್ಲಿ ಸ್ಟೆಪ್ನಿ ಇರುವುದಿಲ್ಲ, ಪಂಕ್ಚರ್ ಕಿಟ್ ಮಾತ್ರ. ಆನೆಕಾಡಿನ ನಡುವೆ, ಸಿದ್ದಾಪುರ ರಸ್ತೆಯಲ್ಲಿ ಸಂಜೆ ಹೊತ್ತು ಟೈರಿನ ಪಕ್ಕ ಹರಿದರೆ ಕಿಟ್ಟಿನಿಂದ ಏನೂ ಆಗದು. ಕಾಡಾನೆ ಓಡಾಡುವ ಜಾಗದಲ್ಲಿ ಕಾರಿನಿಂದ ಇಳಿದು ಟೋಯಿಂಗಿಗೆ ಕಾಯುವ ಪರಿಸ್ಥಿತಿ ಯಾರಿಗೂ ಬೇಡ. ಸ್ಟೆಪ್ನಿ ಬೇಕು ಎಂದು ಮೊದಲೇ ಕೇಳಿ, ದುಡ್ಡು ಕೊಟ್ಟಾದರೂ ಹಾಕಿಸಿಕೊಳ್ಳಿ. ತೋಟದ ಕಾರ್ಮಿಕರ ಲೈನ್‌ಮನೆಗಳ ಮುಂದೆ ಹಾದುಹೋಗುವಾಗ ನಿಧಾನ ಹೋಗಿ. ಸದ್ದಿಲ್ಲದ ಕಾರು ಹಿಂದೆ ಬಂದದ್ದು ಮಕ್ಕಳಿಗೆ, ದನಗಳಿಗೆ ಗೊತ್ತಾಗುವುದಿಲ್ಲ.

ಇಲೆಕ್ಟ್ರಿಕ್ ಸ್ಕೂಟರ್ ಬೇಸಿಗೆಯಲ್ಲಿ ಎಲ್ಲಕ್ಕಿಂತ ಅಗ್ಗ. ಜುಲೈನಲ್ಲಿ ದಿನಾ 60 ಕಿಲೋಮೀಟರ್ ಅದರಲ್ಲಿ ಹೋಗಿ ಎಂದು ಹೇಳುವ ಮನಸ್ಸು ನನಗಿಲ್ಲ.

ಮನೆಯಲ್ಲಿ ಒಂದೇ ಕಾರಿದ್ದರೆ

ಇದು ಗಟ್ಟಿಯಾಗಿ ಯೋಚಿಸಬೇಕಾದ ಮಾತು. ನಮ್ಮವರು ದೊಡ್ಡ ಕಾಯಿಲೆಗೆ ಹೋಗುವುದು ಮೈಸೂರಿಗೆ ಅಥವಾ ಮಂಗಳೂರಿಗೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಮಂಗಳೂರು 140ರ ಹತ್ತಿರ. ರಾತ್ರಿ ಹನ್ನೊಂದಕ್ಕೆ ಅಪ್ಪನಿಗೆ ಎದೆನೋವು ಬಂದಾಗ ಕಾರಿನಲ್ಲಿ ಶೇ 25 ಚಾರ್ಜ್ ಮಾತ್ರ ಇರಬಾರದು. ಮನೆಯಲ್ಲಿ ವಯಸ್ಸಾದವರಿದ್ದು, ಬೇರೆ ಗಾಡಿ ಇಲ್ಲದಿದ್ದರೆ ಎರಡು ದಾರಿ. ಒಂದು, 35 ಯೂನಿಟ್ ಅಥವಾ ಹೆಚ್ಚಿನ ಬ್ಯಾಟರಿ ತೆಗೆದುಕೊಂಡು ಯಾವ ರಾತ್ರಿಯೂ ಶೇ 60ಕ್ಕಿಂತ ಕೆಳಗೆ ಬಿಡದಿರುವುದು. ಎರಡು, ಹಳೆಯ ಪೆಟ್ರೋಲ್ ಕಾರನ್ನು ಮಾರದೆ ಶೆಡ್ಡಿನಲ್ಲಿ ಉಳಿಸಿಕೊಂಡು, ದಿನದ ಓಡಾಟಕ್ಕೆ 24 ಯೂನಿಟ್ಟಿನ ಚಿಕ್ಕ ಇವಿ ತರುವುದು. ಎಕ್ಸ್‌ಚೇಂಜಿನಲ್ಲಿ ಹಳೆಯ ಕಾರಿಗೆ ಒಂದೂವರೆ ಲಕ್ಷವೂ ಸಿಗದಿದ್ದರೆ ನಾನು ಎರಡನೆಯದನ್ನೇ ಹೇಳುತ್ತೇನೆ. 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಸಂಪಾಜೆ ರಸ್ತೆ ಮುಚ್ಚಿದಾಗ ಸುತ್ತು ಬಳಸಿ ಹೋದವರಿಗೆ, ಟ್ಯಾಂಕಿನಲ್ಲಿ ಪೆಟ್ರೋಲ್ ಇರುವ ಒಂದು ಗಾಡಿ ಮನೆಯಲ್ಲಿ ಇರುವುದು ಎಂಥ ಧೈರ್ಯ ಎಂದು ಗೊತ್ತು.

ಸ್ಟ್ರಾಂಗ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟಾರೂ ಇರುವ ಕಾರು) ಚಾರ್ಜಿಂಗ್ ಚಿಂತೆ ಇಲ್ಲದೆ ಒಳ್ಳೆಯ ಮೈಲೇಜ್ ಕೊಡುತ್ತದೆ, ಇಳಿಜಾರಿನಲ್ಲಿ ಅದೂ ಶಕ್ತಿ ವಾಪಸ್ ಪಡೆಯುತ್ತದೆ. ಬೆಲೆ ಮಾತ್ರ ಚಿಕ್ಕ ಇವಿಗಿಂತ ತುಂಬಾ ಮೇಲೆ.

ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಯೋಜನೆಗಳೂ ಬಂದಿವೆ. ಕಾರಿನ ಬೆಲೆ ಕಮ್ಮಿ ಕಾಣುತ್ತದೆ, ಓಡಿದ ಪ್ರತಿ ಕಿಲೋಮೀಟರಿಗೆ ಬಾಡಿಗೆ ಕಟ್ಟಬೇಕು. ಕಿಲೋಮೀಟರಿಗೆ 3 ರೂಪಾಯಿ ಹಿಡಿದರೆ ತಿಂಗಳಿಗೆ 4,300 ರೂಪಾಯಿ, ನಮ್ಮ ಉಳಿತಾಯದ ಅರ್ಧ ಅಲ್ಲಿಗೇ ಹೋಯಿತು. ಜಾಸ್ತಿ ಓಡುವವರು ಬ್ಯಾಟರಿಯನ್ನು ಕೊಂಡುಕೊಳ್ಳುವುದೇ ಮೇಲು.

ಸೆಕೆಂಡ್ ಹ್ಯಾಂಡ್ ಇವಿ ನೋಡುವವರು ಓಡಿದ ಕಿಲೋಮೀಟರಿಗಿಂತ ಬ್ಯಾಟರಿಯ ಆರೋಗ್ಯದ ವರದಿ ಕೇಳಿ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಅದನ್ನು ತೆಗೆದುಕೊಡುತ್ತಾರೆ. ವಾರಂಟಿ ನಿಮ್ಮ ಹೆಸರಿಗೆ ಬರುತ್ತದಾ ಎಂದು ಲಿಖಿತವಾಗಿ ತಿಳಿದುಕೊಳ್ಳಿ. ಕೆಲವು ಕಂಪನಿಗಳ ಲೈಫ್‌ಟೈಮ್ ವಾರಂಟಿ ಮೊದಲ ಮಾಲೀಕರಿಗೆ ಮಾತ್ರ.

ಹೊಸದಾದರೆ ಬುಕ್ ಮಾಡುವ ಮುಂಚೆ ಡೀಲರನ್ನು ಒಂದು ವಿಷಯ ಕೇಳಿ: ಹೈವೋಲ್ಟೇಜ್ ಕೆಲಸಕ್ಕೆ ತರಬೇತಿ ಪಡೆದವರು ಜಿಲ್ಲೆಯಲ್ಲೇ ಇದ್ದಾರಾ, ಇಲ್ಲಾ ಕಾರನ್ನು ಮೈಸೂರಿಗೆ ಎತ್ತಿಕೊಂಡು ಹೋಗಬೇಕಾ, ಹಾಗಾದರೆ ಟೋಯಿಂಗ್ ಖರ್ಚು ಯಾರದ್ದು? ಟೆಸ್ಟ್ ಡ್ರೈವನ್ನು ಪೇಟೆಯ ಒಂದು ಸುತ್ತಿಗೆ ಮುಗಿಸಬೇಡಿ. ನಾಲ್ಕು ಜನ ಕೂತು, ಎಸಿ ಹಾಕಿ, ಗುಡ್ಡೆಹೊಸೂರಿನಿಂದ ಮಡಿಕೇರಿವರೆಗೆ ಹೋಗಿ ವಾಪಸ್ ಬನ್ನಿ. ಕೆಳಗೆ, ಮೇಲೆ, ವಾಪಸ್ ಬಂದಾಗ, ಮೂರು ಕಡೆ ಬ್ಯಾಟರಿಯ ಶೇಕಡಾವನ್ನು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಮನೆಯ ಪ್ಲಗ್ ಪಾಯಿಂಟ್, ಅರ್ಥಿಂಗ್ ಕೆಲಸವನ್ನು ಕಾರು ಬರುವುದಕ್ಕೆ ಮೊದಲೇ, ಸಾಧ್ಯವಾದರೆ ಮೇ ತಿಂಗಳೊಳಗೆ ಮುಗಿಸಿ. ಜೂನ್ ಶುರುವಾದ ಮೇಲೆ ಗುಂಡಿ ತೋಡಲು ಜನ ಸಿಗುವುದೂ ಕಷ್ಟ, ಎಲೆಕ್ಟ್ರಿಷಿಯನ್ ಸಿಗುವುದೂ ಕಷ್ಟ.